ಬೆಣ್ಣೆ ಬಿಟ್ಟ ಊರಿನಿಂದ ಅಪ್ಪಾಜಿಗೆ

ಯೊಯೆನ್ಸು, ಫಿನ್‌ಲ್ಯಾಂಡ್
ಅಕ್ಟೋಬರ್ 20

ಪ್ರೀತಿಯ ಅಪ್ಪಾಜಿ ಮತ್ತು ಅಮ್ಮನಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೂ ಕ್ಷೇಮ ಅಂತ ನಂಬಿದ್ದೇನೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ತಮ್ಮ ವಾಟ್ಸಾಪಿನಲ್ಲಿ ಕಳಿಸಿದ ಅಪ್ಪಾಜಿಯ ರಕ್ತದ ರಿಪೋರ್ಟ್ ನೋಡಿದೆ. ಒಟ್ಟು ಕೊಲೆಸ್ಟ್ರಾಲ್ 248. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 168. ರಕ್ತದಲ್ಲಿರುವ ಕೊಬ್ಬು ಟ್ರೈಗ್ಲಿಸರೈಡ್ 210. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಬರೀ 38. ವಿಡಿಯೊ ಕಾಲ್‌ನಲ್ಲಿ ಈ ಮಾತು ತೆಗೆದ ಕೂಡಲೇ ನೀವು "ಅಲ್ಲಿ ಚಳಿ ಶುರುವಾಯ್ತಾ?" ಅಂತ ಕೇಳುತ್ತೀರಿ ಅಪ್ಪಾಜಿ. ಅದಕ್ಕೇ ಈ ಪತ್ರ. ರಾತ್ರಿ ಅಂಗಡಿ ಮುಚ್ಚಿ ಬಂದು, ಊಟ ಮುಗಿಸಿ, ನಿಧಾನಕ್ಕೆ ಓದಿ. ಅಮ್ಮನಿಗೆ ಜೋರಾಗಿ ಓದಿ ಹೇಳಿ.

ದೊಡ್ಡಪ್ಪ ಹೋದಾಗ ಅವರಿಗೆ 54. ಬಂದವರೇ ಜಗಲಿ ಮೇಲೆ ಕೂತು ನೀರು ಕೇಳಿದರು, ದೊಡ್ಡಮ್ಮ ಒಳಗಿಂದ ತರುವಷ್ಟರಲ್ಲಿ ಮುಗಿದಿತ್ತು. ನಾನು ಆಗ ಎಂಟನೇ ಕ್ಲಾಸ್. ನಿಮಗೆ ಈಗ 58. ರಿಪೋರ್ಟಿನಲ್ಲಿ ಆ ನಾಲ್ಕು ಸಂಖ್ಯೆ ನೋಡಿದಾಗ ನನಗೆ ಆ ಜಗಲಿಯೇ ಕಣ್ಣಿಗೆ ಬಂತು.

ನಾನು ಓದಲು ಬಂದಿರುವ ಈ ಊರು ಯಾವುದು ಅಂತ ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಯೊಯೆನ್ಸು ಉತ್ತರ ಕರೇಲಿಯಾ ಎಂಬ ಪ್ರಾಂತ್ಯದ ದೊಡ್ಡ ಊರು. ಸುತ್ತಲೂ ಕಾಡು, ಕೆರೆ. 60ರ ದಶಕದಲ್ಲಿ ಹೃದಯದ ಕಾಯಿಲೆಯಿಂದ, ಜನಸಂಖ್ಯೆಯ ಲೆಕ್ಕದಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಗಂಡಸರು ಸಾಯುತ್ತಿದ್ದುದು ಫಿನ್‌ಲ್ಯಾಂಡಿನಲ್ಲಿ. ಫಿನ್‌ಲ್ಯಾಂಡಿನೊಳಗೆ ಅತಿ ಹೆಚ್ಚು ಈ ಪೂರ್ವದ ಭಾಗದಲ್ಲಿ. ಮರ ಕಡಿಯುವವರು, ಹಸು ಸಾಕುವವರು, ಮೈಮುರಿದು ದುಡಿಯುವವರು. ಕೂತು ತಿಂದವರಲ್ಲ. ಹಾಗಾಗಿ "ದುಡಿಯೋ ಮೈಗೆ ತಿಂದದ್ದೆಲ್ಲ ಕರಗುತ್ತೆ" ಅನ್ನುವ ನಿಮ್ಮ ಮಾತು ಇಲ್ಲಿ ಸುಳ್ಳಾಗಿತ್ತು ಅಪ್ಪಾಜಿ.

ಅವರು ತಿನ್ನುತ್ತಿದ್ದುದು ಏನು ಗೊತ್ತಾ? ಬೆಣ್ಣೆ. ಬ್ರೆಡ್ಡಿಗೆ ಬೆಣ್ಣೆ, ಹುರಿಯಲು ಬೆಣ್ಣೆ, ಕುಡಿಯಲು ಕೆನೆ ತುಂಬಿದ ಗಟ್ಟಿ ಹಾಲು. ನೂರು ಜನರಲ್ಲಿ 80ಕ್ಕೂ ಹೆಚ್ಚು ಮಂದಿ ಬ್ರೆಡ್ಡಿಗೆ ಬೆಣ್ಣೆಯನ್ನೇ ಬಳಿಯುತ್ತಿದ್ದರು. ತರಕಾರಿ ಅಂದರೆ ದನದ ಮೇವು ಅನ್ನೋ ಭಾವನೆ. ಜೊತೆಗೆ ಸಿಗರೇಟು. ದಾವಣಗೆರೆಯಿಂದ ಬಂದ ನನಗೆ ಇದನ್ನು ಕೇಳಿದಾಗ ನಮ್ಮ ಬೆಣ್ಣೆ ದೋಸೆಯ ಕಾವಲಿ ನೆನಪಾಗದೆ ಇರುತ್ತದಾ?

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತರ ಹತ್ತಿರ. ಅವರ ಅಪ್ಪ ಕಾಡಿನಲ್ಲಿ ಮರ ಕಡಿಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಬಿದ್ದರಂತೆ. ಅಜ್ಜಿಗೆ ಆಗ ಹತ್ತು ವರ್ಷ. ಅವರ ಬೀದಿಯಲ್ಲೇ ಹಾಗೆ ಗಂಡಸಿಲ್ಲದ ಮನೆ ಮೂರಿದ್ದವಂತೆ. ಅದನ್ನೆಲ್ಲ ಹಣೆಬರಹ ಅಂದುಕೊಂಡಿದ್ದೆವು ಅಂತ ಅಜ್ಜಿ ಹೇಳಿದರು. ನಮ್ಮ ಮನೆಯಲ್ಲೂ ದೊಡ್ಡಪ್ಪನ ವಿಷಯದಲ್ಲಿ ಅದೇ ಮಾತು ಅಲ್ವಾ?

1971ರಲ್ಲಿ ಈ ಪ್ರಾಂತ್ಯದ ಮುಖಂಡರು ಸೇರಿ ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮ ಗಂಡಸರು ಸಾಯುತ್ತಿದ್ದಾರೆ, ಏನಾದರೂ ಮಾಡಿ ಅಂತ. 1972ರಲ್ಲಿ ಒಂದು ಯೋಜನೆ ಶುರುವಾಯಿತು. ಅದನ್ನು ನಡೆಸಿದವರು ಪೆಕ್ಕಾ ಪುಸ್ಕಾ ಎಂಬ ಡಾಕ್ಟರ್. ಆಗ ಅವರಿಗೆ 30 ಕೂಡ ತುಂಬಿರಲಿಲ್ಲ. ಅವರು ರೋಗಿಗಳನ್ನು ಒಬ್ಬೊಬ್ಬರನ್ನೇ ಕೂರಿಸಿ ಬೈಯುತ್ತಾ ಕೂರಲಿಲ್ಲ. ಊರಿಗೆ ಊರನ್ನೇ ಹಿಡಿದರು. ಸಾಸೇಜ್ ಮಾಡುವ ಕಾರ್ಖಾನೆಯವರನ್ನು ಒಪ್ಪಿಸಿ ಕೊಬ್ಬಿನ ಬದಲು ಒಂದಷ್ಟು ಅಣಬೆ ಹಾಕಿಸಿದರು. ಹಾಲಿನ ರೈತರು ಸಿಟ್ಟಾದಾಗ ಹಣ್ಣಿನ ಬೆಳೆಗೆ ದಾರಿ ಮಾಡಿದರು. ಇಲ್ಲಿ ಬೆಳೆಯುವ ಪುಟ್ಟ ಪುಟ್ಟ ಬೆರ್ರಿ ಹಣ್ಣು, ನಮ್ಮ ಕವಳೆ ಹಣ್ಣಿನಂಥವು. ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯವನ್ನೂ ಇಟ್ಟರು. ಯಾವ ಹಳ್ಳಿಯದು ಹೆಚ್ಚು ಇಳಿಯಿತೋ ಆ ಹಳ್ಳಿಗೆ ಬಹುಮಾನ.

ಎಲ್ಲಕ್ಕಿಂತ ದೊಡ್ಡ ಕೆಲಸ ಹೆಂಗಸರದ್ದು. ಇಲ್ಲಿ ಮಾರ್ತಾ ಅಂತ ಒಂದು ಮಹಿಳಾ ಸಂಘ ಇದೆ. 1899ರಿಂದ ಇದೆ. ಅವರು ಸಂಜೆ ಊರವರನ್ನೆಲ್ಲ ಸೇರಿಸಿ ಅಡುಗೆ ಮಾಡಿ ಬಡಿಸುತ್ತಿದ್ದರು. ಭಾಷಣ ಕಡಿಮೆ, ರುಚಿ ಜಾಸ್ತಿ. ಇಲ್ಲಿನ ಹಳೆಯ ಮಾಂಸದ ಸಾರಿಗೇ ಮಾಂಸ ಕಡಿಮೆ ಮಾಡಿ ಕ್ಯಾರೆಟ್ಟು, ಆಲೂಗಡ್ಡೆ, ಗೆಡ್ಡೆಕೋಸಿನಂಥ ತರಕಾರಿ ಹೆಚ್ಚಿಸಿದರು. ಕೆಳಗಿನ ಮನೆಯ ಅಜ್ಜಿಯೂ ಆ ಕೂಟಗಳಿಗೆ ಹೋಗಿದ್ದರಂತೆ. ಮೊದಲ ವಾರ ಗಂಡ ತಟ್ಟೆ ತಳ್ಳಿದರಂತೆ. ಅಜ್ಜಿ ಬೇರೆ ಅಡುಗೆ ಮಾಡಲಿಲ್ಲ. ಮನೆಯವರೆಲ್ಲ ಅದನ್ನೇ ತಿಂದರು. ಆ ಗಂಡ 84 ವರ್ಷ ಬದುಕಿದರು.

ಇಲ್ಲಿ ಕೊಲೆಸ್ಟ್ರಾಲನ್ನು ಬೇರೆ ಅಳತೆಯಲ್ಲಿ ಹೇಳುತ್ತಾರೆ. ನಿಮ್ಮ 248 ಇಲ್ಲಿ 6.4 ಆಗುತ್ತದೆ. 1972ರಲ್ಲಿ ಇಲ್ಲಿನ ಗಂಡಸರ ಸರಾಸರಿ 6.9 ಇತ್ತು. ಅಂದರೆ ನಿಮಗಿಂತಲೂ ಜಾಸ್ತಿ. 2007ರಲ್ಲಿ ಅದು 5.4ರ ಆಸುಪಾಸಿಗೆ ಇಳಿದಿತ್ತು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ಕಾಯಿಲೆಯ ಸಾವು 2006ರ ಹೊತ್ತಿಗೆ ನೂರಕ್ಕೆ ಸುಮಾರು 85ರಷ್ಟು ಕಡಿಮೆಯಾಗಿತ್ತು. ಔಷಧಿ, ಆಸ್ಪತ್ರೆಯ ಪಾಲೂ ಇದರಲ್ಲಿದೆ. ಆದರೆ ಹೆಚ್ಚಿನ ಪಾಲು ಊಟದ ತಟ್ಟೆಯದ್ದು, ಸಿಗರೇಟು ಬಿಟ್ಟದ್ದರದ್ದು, ಬಿಪಿ ಇಳಿದದ್ದರದ್ದು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ ಅಪ್ಪಾಜಿ. ಒಂದು ಪ್ರಾಂತ್ಯಕ್ಕೆ ಆಗಿದ್ದು ನಮ್ಮೊಂದು ಮನೆಗೆ ಆಗಲ್ವಾ ಅಂತ.

ಅಮ್ಮ, ಈಗ ನಿನಗೆ. ದಯವಿಟ್ಟು ಅಪ್ಪಾಜಿಗೆ ಅಂತ ಬೇರೆ ಪಥ್ಯದ ಅಡುಗೆ ಮಾಡಬೇಡ. ನಿನಗೂ ಕಷ್ಟ, ಅವರಿಗೂ ಕಾಯಿಲೆಯವನು ಅನ್ನೋ ಭಾವನೆ ಬರುತ್ತದೆ. ನಾಲ್ಕು ದಿನ ತಿಂದು ಐದನೇ ದಿನ ತಮ್ಮನ ತಟ್ಟೆಗೆ ಕೈ ಹಾಕುತ್ತಾರೆ. ಮನೆಗೆಲ್ಲ ಒಂದೇ ಅಡುಗೆ ಇರಲಿ. ತಮ್ಮನಿಗೂ ದೊಡ್ಡಪ್ಪನ ರಕ್ತವೇ ತಾನೇ? ಅವನಿಗೆ 26, ಅವನೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲಿ.

ನಿನ್ನ ಕೆನೆಯ ಪಾತ್ರೆಯಿಂದಲೇ ಶುರು ಮಾಡೋಣ. ದಿನಾ ಹಾಲು ಕಾಯಿಸಿ ಕೆನೆ ತೆಗೆಯುತ್ತೀಯ. ಒಳ್ಳೆಯದು. ಆದರೆ ವಾರದ ಕೊನೆಗೆ ಅದೇ ಕೆನೆ ಬೆಣ್ಣೆಯಾಗಿ, ತುಪ್ಪವಾಗಿ ತಟ್ಟೆಗೇ ವಾಪಸ್ ಬರುತ್ತದೆ. ತುಪ್ಪವನ್ನು ಪೂರಾ ಬಿಡು ಅನ್ನುತ್ತಿಲ್ಲ. ಅನ್ನಕ್ಕೆ ಸೌಟಿನಲ್ಲಿ ಹಾಕುವುದನ್ನು ಬಿಟ್ಟು ಟೀ ಚಮಚದಲ್ಲಿ ಹಾಕು, ದಿನಕ್ಕೆ ಒಂದೇ ಸಲ. ಕೆನೆ ತೆಗೆದ ಹಾಲನ್ನೇ ತರಿಸಿದರೆ ಈ ಯೋಚನೆಯೇ ಇರಲ್ಲ. ಬೆಣ್ಣೆ, ತುಪ್ಪದಂಥ, ತಣ್ಣಗಾದರೆ ಗಟ್ಟಿಯಾಗುವ ಕೊಬ್ಬು ಏನು ಮಾಡುತ್ತದೆ ಗೊತ್ತಾ? ನಮ್ಮ ಲಿವರಿನಲ್ಲಿ ರಕ್ತದ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಕೊಕ್ಕೆಗಳಂಥವು ಇರುತ್ತವೆ. ಈ ಕೊಬ್ಬು ಜಾಸ್ತಿಯಾದರೆ ಆ ಕೊಕ್ಕೆಗಳು ಕಡಿಮೆಯಾಗುತ್ತವೆ. ಹಿಡಿಯುವವರಿಲ್ಲದೆ ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ಡಾಲ್ಡಾ, ಬೇಕರಿಯ ಪಫ್, ಖಾರಾ ಬಿಸ್ಕತ್ತು ಇವೂ ಅದೇ ಜಾತಿ, ಇನ್ನೂ ಕೆಟ್ಟದ್ದು. ಅವು ಮನೆಗೆ ಬರದಿದ್ದರೆ ಸಾಕು.

ಎಣ್ಣೆ ಶೇಂಗಾದ್ದೇ ಇರಲಿ, ಬದಲಾಯಿಸಬೇಡ. ಅಳತೆ ಮಾತ್ರ ಬದಲಾಯಿಸು. ಮೂರು ಜನಕ್ಕೆ ತಿಂಗಳಿಗೆ ಐದು ಲೀಟರಿನ ಕ್ಯಾನ್ ಖಾಲಿಯಾಗುತ್ತದೆ ಅಂತ ತಮ್ಮ ಹೇಳಿದ. ತಲೆಗೆ ದಿನಕ್ಕೆ ನಾಲ್ಕು ಟೀ ಚಮಚ ಅಂತ ಲೆಕ್ಕ ಹಾಕಿದರೆ ಎರಡು ಲೀಟರ್ ಕೂಡ ಬೇಡ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ನೀನೇ ಸೌಟಿನಿಂದ ತೆಗೆದಿಟ್ಟು ನೋಡು.

ಇಲ್ಲಿ ಬೆಳಿಗ್ಗೆ ತುಂಬಾ ಜನ ಓಟ್ಸ್ ಗಂಜಿ ತಿನ್ನುತ್ತಾರೆ. ಅದರ ನಾರು ಬೆಂದಾಗ ಲೋಳೆ ಲೋಳೆಯಾಗುತ್ತದೆ. ಆ ಲೋಳೆಯೇ ಮುಖ್ಯ. ಲಿವರ್ ಪಿತ್ತರಸ ಮಾಡುವುದು ಕೊಲೆಸ್ಟ್ರಾಲಿನಿಂದ. ಕರುಳಿಗೆ ಬಂದ ಪಿತ್ತರಸ ಕೆಲಸ ಮುಗಿಸಿ ಬಹುಪಾಲು ಮತ್ತೆ ಲಿವರಿಗೇ ಹೋಗುತ್ತದೆ. ಊಟದಲ್ಲಿ ಈ ಲೋಳೆ ನಾರು ಇದ್ದರೆ ಒಂದಷ್ಟನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಕಡಿಮೆ ಬಿದ್ದದ್ದನ್ನು ತುಂಬಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಓಟ್ಸ್ ತಿನ್ನಿ ಅಂದರೆ ಅಪ್ಪಾಜಿ ಮುಖ ಸಿಂಡರಿಸುತ್ತಾರೆ ಅಂತ ಗೊತ್ತು. ಈ ನಾರು ನಮ್ಮ ಮನೆಯಲ್ಲೇ ಇದೆ. ಬೆಂಡೆಕಾಯಿಯಲ್ಲಿದೆ. ಮೆಂತ್ಯದಲ್ಲಿದೆ. ಪೇರಲ ಹಣ್ಣಿನಲ್ಲಿದೆ. ಅವರೆ, ಅಲಸಂದೆ, ಹುರಳಿ, ಎಲ್ಲ ಕಾಳಿನಲ್ಲೂ ಇದೆ. ನಮ್ಮ ಅಜ್ಜಿ ಮಾಡುತ್ತಿದ್ದ ಅಗಸೆ ಚಟ್ನಿಪುಡಿಯಲ್ಲಿದೆ. ಅಜ್ಜಿ ಹೋದ ಮೇಲೆ ಅದನ್ನು ನಮ್ಮ ಮನೆಯಲ್ಲಿ ಯಾರೂ ಕುಟ್ಟಿಲ್ಲ ಅಲ್ವಾ ಅಮ್ಮ? ಈ ವಾರ ಮಾಡು. ಹುರಳಿ ಕಟ್ಟಿನ ಸಾರು ಮಾಡಿದಾಗ ಕಟ್ಟು ಮಾತ್ರ ಬಡಿಸಿ ಕಾಳನ್ನು ಪಕ್ಕಕ್ಕೆ ಇಡಬೇಡ, ನಾರು ಇರುವುದು ಕಾಳಿನಲ್ಲಿ. ಅದಕ್ಕೇ ಈರುಳ್ಳಿ ಹಾಕಿ ಉಸಲಿ ಮಾಡು. ರಾತ್ರಿ ಅನ್ನದ ಬದಲು ಎರಡು ಜೋಳದ ರೊಟ್ಟಿ ಅಥವಾ ನವಣೆ ಅನ್ನ, ತಟ್ಟೆಯ ಅರ್ಧ ಪಲ್ಯ.

ಕಾಫಿಯ ವಿಷಯ ಕೇಳಿ, ಇದು ನನಗೂ ಹೊಸದು. ಹಿಂದೆ ಇಲ್ಲಿನವರು ಕಾಫಿ ಪುಡಿಯನ್ನು ನೀರಿನಲ್ಲೇ ಕುದಿಸಿ ಕುಡಿಯುತ್ತಿದ್ದರು. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದು ವಸ್ತು ಇದೆ. ಅದು ಎಲ್‌ಡಿಎಲ್ ಏರಿಸುತ್ತದೆ. ಪೇಪರಿನಲ್ಲಿ ಸೋಸಿದರೆ ಅದು ಪೇಪರಿನಲ್ಲೇ ಉಳಿಯುತ್ತದೆ. ಇಲ್ಲಿ ಜನ ಪೇಪರ್ ಫಿಲ್ಟರಿಗೆ ಬದಲಾದದ್ದೂ ಕೊಲೆಸ್ಟ್ರಾಲ್ ಇಳಿಯಲು ಒಂದು ಕಾರಣ. ನಮ್ಮ ಸ್ಟೀಲ್ ಫಿಲ್ಟರಿನ ತೂತಿನ ತಟ್ಟೆ ಪೇಪರ್ ತಡೆದಷ್ಟು ತಡೆಯುವುದಿಲ್ಲ. ಬಿಡಿ ಅನ್ನಲಾರೆ, ಬೆಳಿಗ್ಗೆ ಆ ಡಿಕಾಕ್ಷನ್ ವಾಸನೆ ಇಲ್ಲದ ನಮ್ಮ ಮನೆಯನ್ನು ನೆನೆಸಿಕೊಳ್ಳಲೂ ಆಗಲ್ಲ. ಗುಂಡನೆಯ ಫಿಲ್ಟರ್ ಪೇಪರ್ ಒಂದು ಕಟ್ಟು ಕಳಿಸುತ್ತೇನೆ. ತಟ್ಟೆಯ ಮೇಲೆ ಇಟ್ಟು ಪುಡಿ ಹಾಕಿ. ಇಳಿಯುವುದು ಸ್ವಲ್ಪ ನಿಧಾನ, ರುಚಿ ಹಾಗೇ ಇರುತ್ತದೆ.

ಅಪ್ಪಾಜಿ, ಅಂಗಡಿಯ ಟೀ ಲೆಕ್ಕ ಹಾಕಿದ್ದೀರಾ? ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. 12 ಚಮಚ ಆಯ್ತು. ನಿಮ್ಮ ಟ್ರೈಗ್ಲಿಸರೈಡ್ 210ಕ್ಕೆ ಏರಿರುವುದರಲ್ಲಿ ಬೆಣ್ಣೆಗಿಂತ ಈ ಸಕ್ಕರೆ, ಬಿಳಿ ಅನ್ನ, ಮಂಡಕ್ಕಿ ಇವುಗಳ ಕೈ ದೊಡ್ಡದು. ಎರಡು ಟೀ ಸಾಕು, ಅರ್ಧ ಸಕ್ಕರೆ ಸಾಕು. ಸಂಜೆ ಐದಕ್ಕೆ ಬರುವ ಖಾರ ಮಂಡಕ್ಕಿ, ಮಿರ್ಚಿ ನಿಮಗೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು. ಚಿಕ್ಕಂದಿನಲ್ಲಿ ಆ ಪೊಟ್ಟಣಕ್ಕೆ ನಾನೇ ಮೊದಲು ಕೈ ಹಾಕುತ್ತಿದ್ದೆ. ಆದರೆ ಬೆಳಿಗ್ಗೆಯಿಂದ ಕಾದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಮಿರ್ಚಿ ಇನ್ನು ಬೇಡ. ಬೇಕಾದರೆ ಮಂಡಕ್ಕಿ ಒಂದು ಹಿಡಿ, ಮೊಳಕೆ ಹೆಸರುಕಾಳು ಎರಡು ಹಿಡಿ, ಈರುಳ್ಳಿ, ಟೊಮೆಟೊ, ನಿಂಬೆರಸ. ಬೆಣ್ಣೆ ದೋಸೆ ತಿಂಗಳಿಗೆ ಒಂದು ದಿನ ತಿನ್ನಿ. ಒಂದೇ ದೋಸೆ. ನೆಮ್ಮದಿಯಾಗಿ ತಿನ್ನಿ.

ಬೆಳಿಗ್ಗೆ ಕುಂದವಾಡ ಕೆರೆಗೆ ಹೋಗಿ. 45 ನಿಮಿಷ, ಮಾತಾಡಬಹುದು ಆದರೆ ಹಾಡಲು ಆಗಬಾರದು, ಅಷ್ಟು ವೇಗ. ಅಮ್ಮನನ್ನೂ ಕರೆದುಕೊಂಡು ಹೋಗಿ. ನಡಿಗೆಯಿಂದ ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್‌ಡಿಎಲ್ ಸ್ವಲ್ಪ ಏರುತ್ತದೆ, ಹೊಟ್ಟೆ ಕರಗುತ್ತದೆ.

ಇನ್ನೊಂದು ಮಾತು, ಇದನ್ನು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ. ಡಾಕ್ಟರ್ ಮೂರು ತಿಂಗಳು ಕೊಟ್ಟಿದ್ದಾರೆ. ಆಮೇಲೂ ಇಳಿಯದಿದ್ದರೆ ಮಾತ್ರೆ ಅಂದಿದ್ದಾರೆ. ಕೆಲವರಿಗೆ ಊಟ ಎಷ್ಟು ಸರಿಮಾಡಿದರೂ ವಂಶದ ಕಾರಣಕ್ಕೆ ಇಳಿಯುವುದಿಲ್ಲ. ನಮ್ಮದು ದೊಡ್ಡಪ್ಪನನ್ನು ಕಳೆದುಕೊಂಡ ಮನೆ. ಹಾಗಾಗಿ ಮಾತ್ರೆ ಕೊಟ್ಟರೆ ತಗೊಳ್ಳಿ. ಅಕ್ಕಪಕ್ಕದವರು ಬೆಳ್ಳುಳ್ಳಿ ತಿಂದರೆ ಸಾಕು, ಮಾತ್ರೆ ಯಾಕೆ ಅಂದರು ಅಂತ ಬಿಡಬೇಡಿ. ಮಾತ್ರೆ ತಗೊಂಡರೂ ಈ ಊಟ, ಈ ನಡಿಗೆ ಬಿಡಬೇಡಿ. ಥೈರಾಯ್ಡ್, ಶುಗರ್ ಎರಡನ್ನೂ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ನಡೆಯುವಾಗ ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಇಳಿದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಇಲ್ಲಿ ಈಗ ಸಂಜೆ ಐದೂವರೆಗೇ ಕತ್ತಲು. ಕೆಳಗಿನ ಅಜ್ಜಿ ಬೇಸಿಗೆಯಲ್ಲಿ ಕಾಡಿನಿಂದ ಆರಿಸಿ ತಂದ ನೀಲಿ ಹಣ್ಣಿನ ಡಬ್ಬಿ ಕೊಟ್ಟಿದ್ದಾರೆ. ನಿಮ್ಮ ರಿಪೋರ್ಟಿನ ವಿಷಯ ಅವರಿಗೂ ಹೇಳಿದೆ. ದಿನಾ ಮೆಟ್ಟಿಲ ಹತ್ತಿರ ಸಿಕ್ಕಾಗ ನಿನ್ನ ಅಪ್ಪ ನಡೆಯಲು ಶುರು ಮಾಡಿದರಾ ಅಂತ ಕೇಳುತ್ತಾರೆ. ಇನ್ನೂ ಇಲ್ಲ ಅಂತ ಹೇಳಲು ನನಗೆ ಕಷ್ಟವಾಗುತ್ತದೆ.

ನವೆಂಬರ್ 1ರಿಂದ ಶುರು ಮಾಡಿ. ಅಮ್ಮ, ಹೊಸ ಎಣ್ಣೆಯ ಕ್ಯಾನ್ ತೆರೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಫೆಬ್ರವರಿಯ ಮೊದಲ ವಾರ ಮತ್ತೆ ರಕ್ತ ಕೊಡಿ. ರಿಪೋರ್ಟ್ ಬಂದ ದಿನ ತಮ್ಮನ ಕೈಯಲ್ಲಿ ಫೋಟೊ ಕಳಿಸಬೇಡಿ ಅಪ್ಪಾಜಿ. ನೀವೇ ಫೋನ್ ಮಾಡಿ ಓದಿ ಹೇಳಿ. ಎಷ್ಟೇ ಇರಲಿ.

ನಿಮ್ಮ ಮಗಳು