ಕಣ್ಣು ಮಿಟುಕಿಸಲಾಗದವರ ಪರವಾಗಿ ನಿಂತವರಿಗೆ

ಡಿಜಿಟಲ್ ಹಣಕಾಸಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂದು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ವಾದಿಸುತ್ತಾ ಬಂದಿರುವ ನಮ್ಮ ಸ್ವಯಂಸೇವಕರ ಗುಂಪಿನ ಹೊಣೆಯನ್ನು ಈ ತಿಂಗಳು ಕಿರಿಯರಿಗೆ ಒಪ್ಪಿಸಿದ್ದೇನೆ. ಋಣ ಬಹಳ ಇದೆ. ತೀರಿಸಲಂತೂ ಆಗದು, ಯಾರ್‍ಯಾರದು ಎಂದು ಹೇಳಿಯಾದರೂ ಹೋಗುತ್ತೇನೆ.

ಮೊದಲ ನಮಸ್ಕಾರ, ಆಸಿಡ್ ದಾಳಿಗೆ ಗುರಿಯಾಗಿ ಬದುಕುಳಿದ ಪ್ರಜ್ಞಾ ಪ್ರಸೂನ್ ಅವರಿಗೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರು ಕೆವೈಸಿಗಾಗಿ, ಅಂದರೆ ಬ್ಯಾಂಕಿನ ಗುರುತು ಪರಿಶೀಲನೆಗಾಗಿ, ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ತೋರಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಅವರು ಸುಪ್ರೀಂ ಕೋರ್ಟಿಗೆ ಒಯ್ದರು. ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್ ಅವರ ಅರ್ಜಿಯೂ ಅದರ ಜೊತೆಗೆ ವಿಚಾರಣೆಗೆ ಬಂತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದ ನ್ಯಾಯಪೀಠ, 2025ರ ಏಪ್ರಿಲ್ 30ರಂದು 20 ನಿರ್ದೇಶನಗಳನ್ನು ಕೊಟ್ಟಿತು. ಅಲ್ಲಿಯವರೆಗೆ ಹೊರದೇಶದ ಸಭೆಗಳಲ್ಲಿ ನಾವು ಅಹವಾಲು ಹೇಳುತ್ತಿದ್ದೆವು. ಆಮೇಲೆ ತೀರ್ಪನ್ನೇ ಮೇಜಿನ ಮೇಲೆ ಇಟ್ಟೆವು. ಅಧಿಕಾರಿಗಳು ಕೇಳಿಸಿಕೊಳ್ಳುವ ರೀತಿಯೇ ಬದಲಾಯಿತು.

ಬ್ಯಾಂಕಿನ ಕೆವೈಸಿಗೆ ವಿದೇಶದ ಸಭೆ ಏಕೆ ಎಂದು ಊರಿನವರು ಕೇಳುವುದುಂಟು. ಗ್ರಾಹಕ ಯಾರೆಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮಗಳ ಬೇರು ಅಕ್ರಮ ಹಣದ ಸಾಗಾಟವನ್ನು ತಡೆಯಲು ದೇಶಗಳು ಸೇರಿ ಕಟ್ಟಿರುವ, ಪ್ಯಾರಿಸ್ಸಿನಲ್ಲಿರುವ ಎಫ್‌ಎಟಿಎಫ್ ಸಂಸ್ಥೆಯ ಶಿಫಾರಸುಗಳಲ್ಲಿದೆ. ನಿಯಮ ಸಡಿಲವಿರುವ ದೇಶಗಳೆಂದು ಅದು ಹೊರಡಿಸುವ ಪಟ್ಟಿಗೆ ಸೇರಿ ಹೆಸರು ಕೆಡುವ ಭಯಕ್ಕೆ ದೇಶಗಳು ನಿಯಮ ಬಿಗಿಗೊಳಿಸುತ್ತವೆ, ಬ್ಯಾಂಕುಗಳು ಇನ್ನಷ್ಟು ಬಿಗಿಗೊಳಿಸುತ್ತವೆ. ಕಣ್ಣು ಮಿಟುಕಿಸಲೇಬೇಕು ಎಂದು ಆ ಶಿಫಾರಸುಗಳಲ್ಲಿ ಎಲ್ಲೂ ಇಲ್ಲ! 2025ರ ಫೆಬ್ರುವರಿಯಲ್ಲಿ ಎಫ್‌ಎಟಿಎಫ್ ತನ್ನ ಮಾನದಂಡಗಳನ್ನು ತಿದ್ದಿ, ಅಪಾಯ ಕಡಿಮೆ ಇರುವಲ್ಲಿ ಸರಳ ಕ್ರಮಗಳಿಗೆ ಉತ್ತೇಜನ ಕೊಡಬೇಕು ಎಂದಿತು. ಎಷ್ಟೋ ದೇಶಗಳ ಎಷ್ಟೋ ಜನ ಅದಕ್ಕಾಗಿ ಒತ್ತಾಯಿಸಿದ್ದರು. ಅವರೆಲ್ಲರಿಗೂ ನನ್ನ ವಂದನೆ.

ನನಗೂ ದೃಷ್ಟಿಯಿಲ್ಲ. ಒಮ್ಮೆ ಎಲ್ಲರನ್ನೂ ಒಳಗೊಳ್ಳುವ ಹಣಕಾಸಿನ ಕುರಿತ ಕರಡೊಂದು ಅಭಿಪ್ರಾಯ ಕೇಳಿ ನಮಗೆ ಬಂತು. ಸ್ಕ್ಯಾನ್ ಮಾಡಿದ ಚಿತ್ರವಾಗಿ. ನನ್ನ ಕಂಪ್ಯೂಟರಿಗೆ ಅದರಲ್ಲಿ ಒಂದಕ್ಷರವೂ ಸಿಗಲಿಲ್ಲ. ರಾತ್ರಿ ಕುಳಿತು ಅದನ್ನು ಪೂರ್ತಿ ಟೈಪ್ ಮಾಡಿಕೊಟ್ಟ ಗೆಳೆಯನಿಗೆ, ನಕ್ಷೆಗಳ ಗೆರೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬೇಸರವಿಲ್ಲದೆ ವಿವರಿಸಿದ ನನ್ನ ತಂಗಿಗೆ ಏನು ಹೇಳಲಿ? ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿ ಜಗತ್ತಿಗೆ ಉಚಿತವಾಗಿ ಕೊಟ್ಟವರು ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಇಬ್ಬರೂ ದೃಷ್ಟಿಯಿಲ್ಲದವರು. ಅದಿಲ್ಲದೆ ನನ್ನ ಒಂದು ಟಿಪ್ಪಣಿಯೂ ಸಿದ್ಧವಾಗುತ್ತಿರಲಿಲ್ಲ.

ಇನ್ನು ನಮ್ಮ ಬೀದಿಯ ಕಿರಾಣಿ ಅಂಗಡಿಯವರು. ಅವರ ಕಾರ್ಡ್ ಯಂತ್ರಕ್ಕೆ ಗುಂಡಿಗಳಿಲ್ಲ, ನುಣುಪು ಗಾಜು. ಬೆರಳಿಗೆ ಅಂಕಿ ತಿಳಿಯದು, ಪಿನ್ನನ್ನು ಬಾಯಿಬಿಟ್ಟು ಹೇಳಬೇಕು. ಕಾರ್ಡ್ ಒಳಗಿಡಿ ಎಂದು ಒಂದು ದಿನ ಅವರೇ ಖಡಾಖಂಡಿತವಾಗಿ ಹೇಳಿದರು: "ನಿಮ್ಮ ಪಿನ್ ನನಗೆ ಗೊತ್ತಾಗುವುದೇ ಬೇಡ, ಸರ್. ಯುಪಿಐ ಮಾಡಿ." ನನ್ನದೇ ಮೊಬೈಲ್, ಕಿವಿಯಲ್ಲಿ ಇಯರ್‌ಫೋನ್, ಹಣ ಬಂತೆಂದು ಅವರ ಪೆಟ್ಟಿಗೆ ಕನ್ನಡದಲ್ಲಿ ಕೂಗುತ್ತದೆ. 2016ರಲ್ಲಿ ಬಂದ ಯುಪಿಐ ಒಂದೇ ಕಂಪನಿಯ ಸೊತ್ತಲ್ಲ ಎಂಬುದರ ಬೆಲೆ ನನ್ನಂಥವರಿಗೆ ಚೆನ್ನಾಗಿ ಗೊತ್ತು. ಒಂದು ಆ್ಯಪ್ ಹೊಸ ರೂಪ ತಾಳಿ ಅದರ ಗುಂಡಿಗಳ ಹೆಸರು ಕೇಳಿಸದಂತಾದರೆ, ಬ್ಯಾಂಕ್ ಬದಲಿಸದೆಯೇ ಇನ್ನೊಂದು ಆ್ಯಪಿಗೆ ಹೋಗುತ್ತೇನೆ. (ಪಿನ್ ಒತ್ತುವ ಪುಟ ಮಾತ್ರ ಎಲ್ಲ ಆ್ಯಪ್‌ಗಳಿಗೂ ಒಂದೇ. ಅದು ಕೈಕೊಟ್ಟರೆ ಹೋಗುವುದೆಲ್ಲಿಗೆ ಎಂದೂ ಸಭೆಗಳಲ್ಲಿ ಕೇಳಿದ್ದೇನೆ.) ಮುಕ್ತ ವ್ಯವಸ್ಥೆ ಏಕೆ ಬೇಕು ಎಂಬುದಕ್ಕೆ ನಾನು ಕೊಟ್ಟ ಉದಾಹರಣೆಗಳಲ್ಲಿ ಪ್ರತಿನಿಧಿಗಳು ಮತ್ತೆ ಮತ್ತೆ ವಿಚಾರಿಸಿದ್ದು ಈ ಅಂಗಡಿಯದನ್ನೇ. ಅಂಗಡಿಯವರಿಗೆ ಹೇಳಿದರೆ, "ಉದ್ರಿ ಬಾಕಿಯ ವಿಷಯ ಹೇಳಲಿಲ್ಲ ತಾನೇ?" ಎಂದು ನಕ್ಕರು.

ಹೊಸ ತಂಡ ಮೊದಲು ಕೈಗೆತ್ತಿಕೊಳ್ಳುವುದು ಆ ಗಾಜಿನ ಯಂತ್ರದ ವಿಷಯವನ್ನೇ. ಅಂಥ ಯಂತ್ರಗಳನ್ನು ತಯಾರಿಸುವವರು, ದುರಸ್ತಿ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಆ ತಂಡದೊಂದಿಗೆ ಮಾತನಾಡಿ. ನಿಮಗೆ ಮುಂಗಡವಾಗಿಯೇ ಧನ್ಯವಾದ.