ವಿಷಯ: ನಿಮ್ಮ ಶಾಪಿಂಗ್ ಆ್ಯಪಲ್ಲಿ ತಗೊಂಡ ಸ್ಕೂಬಾ ಸಿಲಿಂಡರ್ ಬಗ್ಗೆ ಆರನೇ ದೂರು, ಇನ್ನು ಏಳನೇದು ನಿಮಗೆ ಬರುದಿಲ್ಲ

ಗ್ರೀವೆನ್ಸ್ ಆಫೀಸರ್ ಅವರಿಗೆ,
(ನಿಮ್ಮ ಹೆಸರು ವೆಬ್‌ಸೈಟಲ್ಲಿ ಹಾಕ್ಬೇಕು ಅಂತ ರೂಲ್ ಉಂಟು, ನೀವು ಹಾಕಿಲ್ಲ, ಹಾಗಾಗಿ ಹುದ್ದೆ ಹಿಡಿದೇ ಕರೀತೇನೆ.)

ನಮಸ್ಕಾರ. ಸಿಟ್ಟಲ್ಲಿ ಬರೀಬೇಡಿ, ಮರ್ಯಾದೆಯಿಂದ ಬರೀರಿ ಅಂತ ಮನೆಯವಳು ಹೇಳಿದ್ದಾಳೆ, ಅದಕ್ಕೆ ರಾತ್ರಿ ಊಟ ಆದ್ಮೇಲೆ ಸಮಾಧಾನದಲ್ಲಿ ಕೂತು ಟೈಪ್ ಮಾಡ್ತಾ ಇದ್ದೇನೆ. ಎಲ್ಲಾದ್ರೂ ಒಂದೆರಡು ಮಾತು ಹೆಚ್ಚುಕಮ್ಮಿ ಆದ್ರೆ ಅದು ನನ್ನ ತಪ್ಪಲ್ಲ, ಐದು ಸಲ ಫೋನ್ ಮಾಡಿದಾಗ ನೀವು ಹಾಕಿದ ಹೋಲ್ಡ್ ಮ್ಯೂಸಿಕ್‌ನ ತಪ್ಪು.

ನಾನು ಎಂತ ಮಾಡುದು ಅಂತ ಮೊದಲು ಹೇಳ್ತೇನೆ, ಯಾಕಂದ್ರೆ ನಿಮ್ಮವರು ಪ್ರತಿ ಸಲ ಕೇಳ್ತಾರೆ, ಪ್ರತಿ ಸಲ ಮರೀತಾರೆ. ಮಲ್ಪೆ ಬಂದರಲ್ಲಿ ಬೋಟಿನ ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆ, ಹಗ್ಗ ಸುತ್ತಿಕೊಂಡ್ರೆ ನೀರಿಗಿಳಿದು ಕತ್ತರಿಸಿ ಬಿಡಿಸುದು ನನ್ನ ಕೆಲಸ. ಓಪನ್ ವಾಟರ್ ಅಂತ ಸ್ಕೂಬಾ ಡೈವಿಂಗಿನ ಕೋರ್ಸ್ ಮಾಡಿದ್ದೇನೆ, ಸರ್ಟಿಫಿಕೇಟ್ ಉಂಟು, ರೆಗ್ಯುಲೇಟರ್ (ಸಿಲಿಂಡರಿಂದ ಬಾಯಿಗೆ ಗಾಳಿ ಕೊಡುವ ಸಾಧನ) ನನ್ನದೇ ಉಂಟು. ನೀರೊಳಗೆ ಉಸಿರಾಡ್ಲಿಕ್ಕೆ ಗಾಳಿ ತುಂಬಿಸುವ ಸಿಲಿಂಡರ್ ಮಾತ್ರ ಇರ್ಲಿಲ್ಲ, ಮುರುಡೇಶ್ವರದ ಡೈವ್ ಅಂಗಡಿಯಿಂದ ಬಾಡಿಗೆಗೆ ತರ್ತಿದ್ದೆ, ನೇತ್ರಾಣಿ ದ್ವೀಪಕ್ಕೆ ಟೂರಿಸ್ಟ್‌ಗಳನ್ನ ಕರ್ಕೊಂಡು ಹೋಗ್ತಾರಲ್ಲ, ಅಂಥ ಅಂಗಡಿ. ಹೋಗ್ಲಿಕ್ಕೆ ನೂರು ಕಿಲೋಮೀಟರ್ ಹತ್ತಿರ, ಬರ್ಲಿಕ್ಕೆ ಅಷ್ಟೇ. ಸ್ವಂತದ್ದು ಒಂದೆರಡು ಇದ್ರೆ ಒಟ್ಟಿಗೆ ತುಂಬಿಸ್ಕೊಂಡು ಬರ್ಬಹುದಲ್ಲ ಅಂತ ಆಸೆ.

ಅಂಗಡಿಯವರು ಹೊಸದಕ್ಕೆ 31,000 ಹೇಳಿದ್ರು. ಟೆಸ್ಟ್ ಸರ್ಟಿಫಿಕೇಟ್ ಸಮೇತ, ತರಿಸ್ಲಿಕ್ಕೆ ಒಂದು ತಿಂಗಳು ಬೇಕು ಅಂದ್ರು. ನನಗೆ ಆಗ ಇವ್ರು ಸುಲಿಗೆ ಮಾಡ್ತಾರೆ ಅಂತಲೇ ಅನಿಸಿದ್ದು, ಸುಳ್ಳು ಹೇಳುದಿಲ್ಲ. ಅವ್ರ ಎದುರಿಗೇ ಮೊಬೈಲ್ ತೆಗೆದು ನಿಮ್ಮ ಆ್ಯಪ್ ತೋರ್ಸಿದೆ, ನೋಡಿ ಇಲ್ಲಿ ಹಬ್ಬದ ಸೇಲಲ್ಲಿ 17,850, ಎಂಟು ದಿನದಲ್ಲಿ ಮನೆಗೇ ಬರ್ತದೆ ಅಂದೆ. ಅವ್ರು ನಕ್ಕು ಸುಮ್ಮನಾದ್ರು. ಆ ನಗುವಿನ ಅರ್ಥ ನನಗೆ ಗೊತ್ತಾಗ್ಲಿಕ್ಕೆ ಹನ್ನೆರಡು ದಿನ ಬೇಕಾಯ್ತು.

ಅಕ್ಟೋಬರ್ 14ಕ್ಕೆ ಆರ್ಡರ್, 22ಕ್ಕೆ ಡೆಲಿವರಿ. ಡೆಲಿವರಿ ಮಟ್ಟಿಗೆ ನಿಮ್ಮನ್ನ ಮೆಚ್ಚಬೇಕು. ಬಾಕ್ಸ್ ಒಳಗೆ ಹಳದಿ ಬಣ್ಣದ್ದು, ಪಳಪಳ ಹೊಳೀತಿತ್ತು. ನಿಮ್ಮ ಲಿಸ್ಟಿಂಗಲ್ಲಿ ಬರೆದದ್ದು ಹೀಗೆ: "ಬ್ರ್ಯಾಂಡ್ ನ್ಯೂ, 12 ಲೀಟರ್, ಪ್ಯೂರ್ ಆಕ್ಸಿಜನ್ ಟ್ಯಾಂಕ್ ಫಾರ್ ಡೀಪ್ ಡೈವಿಂಗ್". ಆಕ್ಸಿಜನ್ ಅಂತ ಓದಿದಾಗಲೇ ನಾನು ಎಚ್ಚರ ಆಗ್ಬೇಕಿತ್ತು. ಸ್ಕೂಬಾ ಸಿಲಿಂಡರಲ್ಲಿ ಇರುದು ನಾವು ನೀವು ಉಸಿರಾಡುವ ಇದೇ ಗಾಳಿ, ಅದ್ರಲ್ಲಿ ಆಕ್ಸಿಜನ್ 21 ಪರ್ಸೆಂಟ್. ಬರೀ ಆಕ್ಸಿಜನ್ ತುಂಬಿಸ್ಕೊಂಡು ಆರು ಮೀಟರ್‌ಗಿಂತ ಕೆಳಗೆ ಹೋದ್ರೆ ನೀರೊಳಗೇ ಫಿಟ್ಸ್ ಬರುವ ಅಪಾಯ, ಬಾಯಿಂದ ರೆಗ್ಯುಲೇಟರ್ ಜಾರ್ತದೆ, ಮತ್ತೆ ಮೇಲೆ ಬರುದು ಬೇರೆಯವ್ರು ಎಳೆದ್ರೆ ಮಾತ್ರ. "ಡೀಪ್ ಡೈವಿಂಗ್‌ಗೆ ಪ್ಯೂರ್ ಆಕ್ಸಿಜನ್" ಅಂತ ಬರೆದ ಮಹಾನುಭಾವರು ನಿಮ್ಮ ಆಫೀಸಲ್ಲಿ ಯಾರು ಅಂತ ನೋಡುವ ಆಸೆ ನನಗೆ.

26ಕ್ಕೆ ತುಂಬಿಸ್ಲಿಕ್ಕೆ ಅದನ್ನ ಎತ್ತಿಕೊಂಡು ಮುರುಡೇಶ್ವರಕ್ಕೆ ಹೋದೆ. ಅಂಗಡಿಯವರು ಗಾಳಿ ತುಂಬಿಸುವ ಕಂಪ್ರೆಸರ್ ಹತ್ತಿರ ಕೂಡ ತಗೊಂಡು ಹೋಗ್ಲಿಲ್ಲ, ಜಗಲಿಯಲ್ಲೇ ಇಟ್ಟು ಕುತ್ತಿಗೆ ಹತ್ತಿರ ಬೆರಳಾಡಿಸಿದ್ರು. "ಎಂತ ಮಾರಾಯ, ಹೊಸ ಸಿಲಿಂಡರಿಗೆ ಸ್ಟಾಂಪ್ ಮೇಲೆ ಇಷ್ಟು ದಪ್ಪ ಪೇಂಟ್ ಯಾಕೆ?" ಅಂತ ಕೇಳಿ, ಕೀ ತಗೊಂಡು ಮೆಲ್ಲಗೆ ಕೆರೆದ್ರು. ಒಳಗಿಂದ ಬಂದದ್ದು: ಡಾಟ್-3ಎಎಲ್, 3000, ಎಸ್80, ಮತ್ತೆ 6 87. ಅಂದ್ರೆ ಅಮೆರಿಕದ ಸಿಲಿಂಡರ್, 3000 ಪಿಎಸ್‌ಐ ಒತ್ತಡದ್ದು, ನೀರು ಹಿಡಿಯುದು 12 ಲೀಟರ್ ಅಲ್ಲ, 11 ಚಿಲ್ಲರೆ, ತಯಾರಾದದ್ದು 1987 ಜೂನಲ್ಲಿ. ನಾನು ಹುಟ್ಟಿದ್ದು 1990ರಲ್ಲಿ. ನಿಮ್ಮ "ಬ್ರ್ಯಾಂಡ್ ನ್ಯೂ" ನನಗಿಂತ ಮೂರು ವರ್ಷ ದೊಡ್ಡದು, ಅಣ್ಣ ಅಂತ ಕರೀಬೇಕು ಅದನ್ನ.

ಪಕ್ಕದಲ್ಲಿ ಇನ್ನೊಂದು ಸ್ಟಾಂಪ್, 2003ನೇ ಇಸವಿಯದ್ದು. ಅದು ಹೈಡ್ರೋ ಟೆಸ್ಟ್. ಸಿಲಿಂಡರ್ ತುಂಬ ನೀರು ಹಾಕಿ, ಕೆಲಸದ ಒತ್ತಡಕ್ಕಿಂತ ಹೆಚ್ಚು, ಇದಕ್ಕಾದ್ರೆ 5000 ಪಿಎಸ್‌ಐ ಒತ್ತಡ ಕೊಟ್ಟು, ಎಷ್ಟು ಉಬ್ಬಿತು ಎಷ್ಟು ವಾಪಸ್ ಬಂತು ಅಂತ ಅಳೀತಾರೆ, ಅಮೆರಿಕದ ಲೆಕ್ಕದಲ್ಲಿ ಐದು ವರ್ಷಕ್ಕೊಮ್ಮೆ ಆಗ್ಬೇಕು. 2003 ಆದ್ಮೇಲೆ ಆಗಿಲ್ಲ. ಇಲ್ಲಿಯದ್ದು ಅಂತ ಒಂದು ಸ್ಟಾಂಪೂ ಇಲ್ಲ. ಅದಕ್ಕಿಂತ ಮುಖ್ಯ, ಆ ಕಾಲದ ಕೆಲವು ಅಲ್ಯೂಮಿನಿಯಂ ಸಿಲಿಂಡರ್‌ಗಳನ್ನ 6351 ಅನ್ನುವ ಮಿಶ್ರಲೋಹದಲ್ಲಿ ಮಾಡ್ತಿದ್ರು, ಒತ್ತಡ ಹಿಡಿದು ಹಿಡಿದು ಅದ್ರ ಕುತ್ತಿಗೆಯಲ್ಲಿ ಬಿರುಕು ಬಿಡ್ತದೆ, ಕೆಲವು ತುಂಬಿಸುವಾಗಲೇ ಸಿಡಿದದ್ದುಂಟು, ಹಾಗಾಗಿ ಅಂಥದ್ದನ್ನ ಹೊರದೇಶದಲ್ಲೂ ಎಷ್ಟೋ ಅಂಗಡಿಯವ್ರು ಮುಟ್ಟುದಿಲ್ಲ. ಇದು ಅದೇ ಲೋಹವಾ ಅಲ್ವಾ ಅಂತ ನಾನು ಕೇಳಿದ್ದಕ್ಕೆ ಅವ್ರು, "ಗೊತ್ತು ಮಾಡ್ಕೊಳ್ಳಿಕ್ಕೆ ನನ್ನ ಕಂಪ್ರೆಸರ್ ಬೇಡ ಮಾರಾಯ" ಅಂದ್ರು.

ಆಮೇಲೆ ವಾಲ್ವ್ ಬಿಚ್ಚಿದ್ರು. ಬಿಚ್ಚುದು ಅಂತ ಹೇಳ್ಬೇಕಾ, ಅದು ಅಲುಗಾಡ್ತಾ ಕೈಯಲ್ಲೇ ಬಂತು. ಸಿಲಿಂಡರಿನ ಕುತ್ತಿಗೆ ಮುಕ್ಕಾಲು ಇಂಚಿನ ಅಮೆರಿಕನ್ ಥ್ರೆಡ್, ವಾಲ್ವ್ ಮೇಲೆ ಕೆತ್ತಿದ್ದು ಎಂ25, ಅಂದ್ರೆ 25 ಮಿಲಿಮೀಟರಿನ ಥ್ರೆಡ್. ಎಂ25 ಒಂಚೂರು ಸಣ್ಣದು, ಥ್ರೆಡ್ ಅಂತರವೂ ಬೇರೆ, ಆದ್ರೂ ಒಳಗೆ ಹೋಗಿ ಕೂರ್ತದೆ, ಕೂತ ಹಾಗೆ ಕಾಣ್ತದೆ. ಗಾಳಿ ತುಂಬಿ ಒತ್ತಡ ಏರಿದ್ರೆ ಗುಂಡಿನ ಹಾಗೆ ಹಾರ್ತದೆ. ಆ 3000 ಪಿಎಸ್‌ಐ ಅಂದ್ರೆ 200 ಬಾರ್ ಹತ್ತಿರ, ನಿಮ್ಮ ಕಾರಿನ ಟೈರಲ್ಲಿ ಇರುವ ಒತ್ತಡದ ತೊಂಬತ್ತು ಪಾಲು ಹತ್ತಿರ, ಅದ್ರ ಎದುರಿಗೆ ತುಂಬಿಸುವವನ ಮುಖ. ಟಾರ್ಚ್ ಹಾಕಿ ಒಳಗೆ ನೋಡಿದ್ರೆ ತಳದಲ್ಲಿ ಬಿಳಿ ಪುಡಿ, ಮಗುಚಿದ್ರೆ ಅರ್ಧ ಲೋಟ ನೀರು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಯಾವ ಸಮುದ್ರದ್ದೋ ದೇವರಿಗೇ ಗೊತ್ತು.

ಈಗ ನಾನು ಈ ಪತ್ರ ಬರೀಲಿಕ್ಕೆ ಕಾರಣ ಆದ ವಿಷಯಕ್ಕೆ ಬರ್ತೇನೆ. ಮಾಲು ಹಾಳಾದದ್ದಕ್ಕೆ ನಾನು ಆರನೇ ಸಲ ಬರೀತಿರ್ಲಿಲ್ಲ. ಅಲ್ಲೇ ಜಗಲಿಯಲ್ಲಿ ನಿಂತು ನಿಮ್ಮ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ, ಕೈ ಎರಡೂ ಒದ್ದೆ, ಹಾಗಾಗಿ ಸ್ಪೀಕರ್ ಹಾಕಿದೆ. ಅಂಗಡಿಯವರು, ಅವ್ರ ಇಬ್ಬರು ಹುಡುಗರು, ಬೆಂಗಳೂರಿಂದ ಬಂದು ವೆಟ್‌ಸೂಟ್ ಅರ್ಧ ಹಾಕ್ಕೊಂಡು ಬೋಟಿಗೆ ಕಾಯ್ತಿದ್ದ ಆರು ಜನ, ಎಲ್ಲ ಕೇಳ್ತಿದ್ರು. 27 ನಿಮಿಷ. ಕಾಲ್ ರೆಕಾರ್ಡ್ ಆಗ್ತದೆ ಅಂತ ನೀವೇ ಹೇಳ್ತೀರಲ್ಲ, ತೆಗೆದು ಕೇಳಿ, ಒಂದಕ್ಷರ ನಾನು ಸೇರಿಸಿಲ್ಲ.

"ಸರ್, ನಿಮ್ಮ ಆರ್ಡರ್ ನೋಡ್ತಾ ಇದೀನಿ, ಆಕ್ಸಿಜನ್ ಸಿಲಿಂಡರ್ ಅಲ್ವಾ ಸರ್, ಪೇಷಂಟ್ ಹೆಸರು ಹೇಳ್ತೀರಾ?"
ಪೇಷಂಟ್ ಇಲ್ಲ, ಇದು ಡೈವಿಂಗ್ ಸಿಲಿಂಡರ್ ಅಂದೆ.
"ಓಕೆ ಸರ್. ಪೇಷಂಟ್ ಇಲ್ಲ ಅಂದ್ರೆ ಸಿಸ್ಟಮ್ ಮುಂದಕ್ಕೆ ಹೋಗ್ತಿಲ್ಲ ಸರ್, ಮೆಡಿಕಲ್ ಕೆಟಗರಿಯಲ್ಲಿದೆ, ಒಂದು ಹೆಸರು ಹೇಳಿ."
ಆಯ್ತು, ನನ್ನದೇ ಹಾಕಿ ಅಂದೆ. ಇಲ್ಲಿ ಮೊದಲನೇ ಸಲ ಜಗಲಿಯಲ್ಲಿ ನಗು ಬಂತು.
"ಪೇಷಂಟ್ ಈಗ ಹೇಗಿದ್ದಾರೆ ಸರ್?"
ಫೋನ್ ಹಿಡ್ಕೊಂಡು ನಿಂತಿದ್ದಾರೆ ಅಂದೆ.
"ಗುಡ್ ಸರ್. ಪ್ರಾಡಕ್ಟ್ ಯೂಸ್ ಮಾಡಿದ ಮೇಲೆ ಏನು ಪ್ರಾಬ್ಲಮ್ ಆಯ್ತು?"
ಯೂಸ್ ಮಾಡಿದ್ರೆ ಈ ಫೋನ್ ನಾನು ಮಾಡ್ತಿರ್ಲಿಲ್ಲ, ನನ್ನ ಹೆಂಡತಿ ಮಾಡ್ತಿದ್ಳು ಅಂದೆ.
"ಹಾಗಾದ್ರೆ ಯೂಸ್ ಮಾಡದೆ ಡಿಫೆಕ್ಟ್ ಅಂತ ಹೇಗೆ ಹೇಳ್ತೀರಿ ಸರ್?"

ಮೇಡಂ ದನಿ ತುಂಬಾ ಮೃದು, ಅವ್ರ ಮೇಲೆ ನನಗೆ ಸಿಟ್ಟಿಲ್ಲ, ಎದುರಿಗಿದ್ದ ಪರದೆ ಹೇಳಿದ್ದನ್ನ ಅವ್ರು ಓದಿದ್ದು. ನಾನು 1987 ಅಂತ ಹೇಳಿದೆ, ಅದು ಮಾಡೆಲ್ ನಂಬರ್ ಇರ್ಬಹುದು ಅಂದ್ರು. ಥ್ರೆಡ್ ಹೊಂದುದಿಲ್ಲ ಅಂದೆ, ಟೆಫ್ಲಾನ್ ಟೇಪ್ ಸುತ್ತಿ ಟ್ರೈ ಮಾಡಿ ಅಂದ್ರು. ನಲ್ಲಿಗೆ ಸುತ್ತುತ್ತಾರಲ್ಲ, ಆ ಬಿಳಿ ಟೇಪ್! ಅಂಗಡಿಯ ಹುಡುಗನೊಬ್ಬ ಈ ಮಾತಿಗೆ ಎದ್ದು ಒಳಗೇ ಹೋದ, ನಗು ತಡೀಲಿಕ್ಕೆ ಆಗ್ಲಿಲ್ಲ ಅವನಿಗೆ. ತುಂಬಿಸ್ಲಿಕ್ಕೆ ಇಲ್ಲಿ ಯಾರೂ ಒಪ್ಪುದಿಲ್ಲ ಅಂದಾಗ ಮೇಡಂ, "ನಿಮ್ಮ ಹತ್ತಿರದ ಗ್ಯಾಸ್ ಏಜೆನ್ಸಿಯಲ್ಲಿ ಕೇಳಿದ್ರಾ ಸರ್?" ಅಂದ್ರು. ಆರು ಜನ ಬೆಂಗಳೂರಿನವರಲ್ಲಿ ಒಬ್ಬರು ನನ್ನ ಹೆಗಲ ಮೇಲೆ ಕೈ ಇಟ್ಟು, ಬಿಡಿ ಬಾಸ್ ಅಂದ್ರು. ಅಪರಿಚಿತರು ಬಂದು ಸಮಾಧಾನ ಮಾಡುವಷ್ಟು ನನ್ನ ಮುಖ ಸಣ್ಣದಾಗಿತ್ತು ಅಂತ ಆಯ್ತಲ್ಲ.

ಕೊನೆಗೆ ಫೋಟೋ ಕಳಿಸಿ ಅಂದ್ರು. ಅಲ್ಲೇ ತೆಗೆದು ಕಳಿಸಿದೆ. ನಾಲ್ಕು ನಿಮಿಷ ಹೋಲ್ಡ್. ಆಮೇಲೆ ತೀರ್ಪು ಬಂತು: "ಸರ್, ಫೋಟೋದಲ್ಲಿ ಪೇಂಟ್ ಕೆರೆದಿರೋದು ಕಾಣಿಸ್ತಿದೆ, ಇದು ಕಸ್ಟಮರ್ ಡ್ಯಾಮೇಜ್, ರಿಟರ್ನ್ ಬರೋದಿಲ್ಲ."

ಇದನ್ನ ಸ್ವಲ್ಪ ನಿಧಾನ ಓದಿ ಸಾರ್. ಮೋಸ ಮುಚ್ಚಲಿಕ್ಕೆ ಬಳಿದ ಬಣ್ಣ ಕೆರೆದ್ರೆ ಅದು ಡ್ಯಾಮೇಜು. ಕೆರೆಯದಿದ್ರೆ ಮೋಸ ಅಂತ ಗೊತ್ತಾಗುದಿಲ್ಲ, ಗೊತ್ತಾಗದಿದ್ರೆ ರಿಟರ್ನ್ ಇಲ್ಲ. ಮುರುಡೇಶ್ವರದ ಅಂಗಡಿಯವರು ದೇವರಲ್ಲ, ಬಿಲ್ ಕೇಳಿದ್ರೆ ಮುಖ ಸಿಂಡರಿಸ್ತಾರೆ, ಟೂರಿಸ್ಟ್ ಇದ್ದ ದಿನ ನಮ್ಮನ್ನ ಎರಡು ಗಂಟೆ ಕಾಯಿಸ್ತಾರೆ, ಆದ್ರೆ ತುಂಬಿಸುವ ಮೊದಲು ಪ್ರತಿ ಸಿಲಿಂಡರಿನ ಕುತ್ತಿಗೆ ಓದ್ತಾರೆ. ಆ 13,150 ರೂಪಾಯಿ ವ್ಯತ್ಯಾಸ ಎಲ್ಲಿಂದ ಬಂತು ಅಂತ ನನಗೆ ಆ ಜಗಲಿಯಲ್ಲಿ ಲೆಕ್ಕ ಸಿಕ್ಕಿತು. ಅವ್ರು ಅವತ್ತೂ ಏನೂ ಆಡ್ಲಿಲ್ಲ, ಚಾ ತರಿಸಿಕೊಟ್ರು. ಆಡಿದ್ರೇ ಒಳ್ಳೇದಿತ್ತು.

ನಿಮ್ಮದೇ ಪಾಲಿಸಿಯಲ್ಲಿ ಏಳು ದಿನ ಅಂತ ಉಂಟು, ನಾನು ನಾಲ್ಕನೇ ದಿನಕ್ಕೆ ಹೇಳಿದ್ದೇನೆ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ, ಜಾಹೀರಾತಲ್ಲಿ ಹೇಳಿದ ಹಾಗೆ ಇಲ್ಲದ ಮಾಲನ್ನ ವಾಪಸ್ ತಗೊಳ್ಳುದಿಲ್ಲ ಅಂತ ಸೆಲ್ಲರ್ ಹೇಳುವ ಹಾಗೇ ಇಲ್ಲ. ದೂರು ಬಂದ 48 ಗಂಟೆ ಒಳಗೆ ನೀವು ಸಿಕ್ಕಿತು ಅಂತ ಹೇಳ್ಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡ್ಬೇಕು. ನಾನು ನಿಮಗೆ ಮೇಲ್ ಹಾಕಿದ್ದು ನವೆಂಬರ್ 5, ಇವತ್ತು ಡಿಸೆಂಬರ್ 11. ಇದೆಲ್ಲ ನಿಮಗೆ ಗೊತ್ತಿಲ್ಲ ಅಂತಲ್ಲ, ನಿಮಗೆ ಗೊತ್ತಿರುದು ನನಗೂ ಗೊತ್ತುಂಟು ಅಂತ ಹೇಳಿದ್ದು.

ಮಧ್ಯದಲ್ಲಿ ಒಂದು ಸಲ, ನವೆಂಬರ್ 2ಕ್ಕೆ, ಅದ್ಯಾಕೋ ಪಿಕಪ್ ಹುಡುಗನನ್ನ ಕಳಿಸಿದ್ರಿ. ಪಾಪ ಬಂದ, ನೋಡಿದ, ಅಣ್ಣಾ ಸಿಲಿಂಡರ್ ಎಲ್ಲ ನಾವು ತಗೊಳ್ಳುದಿಲ್ಲ, ಡೇಂಜರಸ್ ಗೂಡ್ಸ್ ಅಂದ. ತಂದು ಕೊಟ್ಟದ್ದು ನೀನೇ ಅಲ್ವಾ ಮಾರಾಯ ಅಂದ್ರೆ, "ಆಗ ಬಾಕ್ಸ್ ಮೇಲೆ ವಾಟರ್ ಬಾಟಲ್ ಅಂತ ಇತ್ತು" ಅಂದ. ಅಂದು ಸಂಜೆ ಆ್ಯಪಲ್ಲಿ ಬಂತು, ಕಸ್ಟಮರ್ ಪಿಕಪ್ ನಿರಾಕರಿಸಿದ್ದಾರೆ, ನಿಮ್ಮ ಸಮಸ್ಯೆ ಬಗೆಹರಿದಿದೆ, ಎಷ್ಟು ಸ್ಟಾರ್ ಕೊಡ್ತೀರಿ?

ಮೊದಲ ಐದು ಪತ್ರದಲ್ಲಿ ದುಡ್ಡು ವಾಪಸ್ ಕೊಡಿ ಅಂತ ಕೇಳಿದ್ದೆ. ಈಗ ಕೇಳುದಿಲ್ಲ. ಕೊಟ್ರೆ ಕೊಡಿ, ಅದರಿಂದ ಮುಂದಿನದ್ದು ನಿಲ್ಲುದಿಲ್ಲ. ಹೊರದೇಶದಿಂದ ಸಿಲಿಂಡರ್ ತರಿಸ್ಬೇಕಾದ್ರೆ 2016ರ ಗ್ಯಾಸ್ ಸಿಲಿಂಡರ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಕು, ಮುಖ್ಯ ಸ್ಫೋಟಕ ನಿಯಂತ್ರಕರ ಅಪ್ರೂವಲ್ ಬೇಕು. ಅವ್ರ ಆಫೀಸು ನಾಗಪುರದಲ್ಲಿ. ನಿಮ್ಮ ಲಿಸ್ಟಿಂಗಿನ ಸ್ಕ್ರೀನ್‌ಶಾಟ್, ಸ್ಟಾಂಪಿನ ಫೋಟೋ, "ವಾಟರ್ ಬಾಟಲ್" ಅಂತ ಇದ್ದ ಲೇಬಲ್ (ಬಾಕ್ಸ್ ಬಿಸಾಡಿಲ್ಲ, ಅಟ್ಟದಲ್ಲಿತ್ತು) ಮೂರೂ ಸೋಮವಾರ ಸ್ಪೀಡ್ ಪೋಸ್ಟಲ್ಲಿ ಅಲ್ಲಿಗೆ ಹೋಗ್ತದೆ. ಗ್ರಾಹಕರ ಆಯೋಗಕ್ಕೆ ನನ್ನ ಜಿಲ್ಲೆಯಲ್ಲೇ ಹಾಕ್ಬಹುದು, 5 ಲಕ್ಷದವರೆಗೆ ಫೀಸೂ ಇಲ್ಲ, ವಕೀಲರೂ ಬೇಕಂತಿಲ್ಲ, ಮಳೆಗಾಲದಲ್ಲಿ ಬೋಟ್ ಬಂದ್ ಆದ್ರೆ ನನಗೆ ಎರಡು ತಿಂಗಳು ಬೇರೆ ಕೆಲಸವೂ ಇಲ್ಲ, ಪ್ರತಿ ಡೇಟಿಗೂ ಬರ್ತೇನೆ. ಆ ಲಿಸ್ಟಿಂಗ್ ಇವತ್ತು ಸಂಜೆಯೂ ಇತ್ತು, "ಓನ್ಲಿ 3 ಲೆಫ್ಟ್" ಅಂತ. ಆ ಮೂರನ್ನ ಯಾರಾದ್ರೂ ತುಂಬಿಸಿ ಕೈಯೋ ಕಣ್ಣೋ ಕಳ್ಕೊಂಡ್ರೆ ಈ ಪತ್ರ ನಿಮಗೆ ಡಿಸೆಂಬರ್ 11ಕ್ಕೆ ತಲುಪಿದೆ ಅನ್ನುವುದಕ್ಕೆ ನನ್ನ ಹತ್ರ ಸಾಕ್ಷಿ ಇರ್ತದೆ.

ಸಿಲಿಂಡರ್ ನಮ್ಮನೆ ಜಗಲಿಯಲ್ಲಿ ವಾಲ್ವ್ ಬಿಚ್ಚಿ ನಿಲ್ಲಿಸಿದ್ದೇನೆ, ಅಮ್ಮ ಅದ್ರ ಮೇಲೆ ಒದ್ದೆ ಬೈರಾಸು ಒಣಗಿಸ್ತಾರೆ. ಕೋರ್ಟಿಗೆ ತರ್ಬೇಕಾದಾಗ ತರ್ತೇನೆ, ಹದಿನಾಲ್ಕು ಕೆಜಿ, ನನಗೆ ಹೊತ್ತು ಅಭ್ಯಾಸ ಉಂಟು.

ಇಂತಿ,
ನಿಮ್ಮ ದಾಖಲೆ ಪ್ರಕಾರ, ಪೇಷಂಟ್