ಫ್ಯೂಸ್ ಇರುವುದು ಸಂಗೀತಕ್ಕಲ್ಲ, ಸುರಕ್ಷತೆಗೆ

ಮಾನ್ಯ ಸಂಪಾದಕರೇ,

ಮನೆಯ ಸಂಗೀತ ವ್ಯವಸ್ಥೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದಲ್ಲಿ, ಆಂಪ್ಲಿಫೈಯರಿನ ಪವರ್ ಕೇಬಲ್ ಮತ್ತು ಅದರೊಳಗಿನ ಫ್ಯೂಸನ್ನು ದುಬಾರಿಯವಕ್ಕೆ ಬದಲಾಯಿಸಿದರೆ ದನಿ ತಿಳಿಯಾಗುತ್ತದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ ಎಂದು ಹೇಳಲಾಗಿದೆ. ವಿದ್ಯುತ್ ಗುತ್ತಿಗೆದಾರನಾಗಿ ದುಡಿದು ನಿವೃತ್ತನಾದ, ಸಂಜೆ ಹೊತ್ತು ಹಿಂದೂಸ್ತಾನಿ ಸಂಗೀತ ಕೇಳುವ ಅಭ್ಯಾಸವಿರುವ ನನಗೆ ಕೇಬಲ್ಲಿನ ಮಾತು ಹಣದ ವ್ಯರ್ಥವೆನಿಸಿದರೆ, ಫ್ಯೂಸಿನ ಮಾತು ಅಪಾಯಕಾರಿ ಎನಿಸಿತು.

ಆಂಪ್ಲಿಫೈಯರಿಗೆ ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ, ಡಯೋಡುಗಳು ಅದನ್ನು ಏಕಮುಖವಾಗಿಸುತ್ತವೆ, ಉಳಿದ ಏರಿಳಿತವನ್ನು ದೊಡ್ಡ ಕೆಪಾಸಿಟರುಗಳು ನುಂಗಿಕೊಳ್ಳುತ್ತವೆ. ಇಷ್ಟೆಲ್ಲ ಆದ ಮೇಲೆ ಸಂಗೀತದ ಕೆಲಸ ಶುರುವಾಗುತ್ತದೆ. ಕಂಬದಿಂದ ಮೀಟರಿಗೆ ಬರುವ ತಂತಿಯನ್ನು ಬಿಟ್ಟು, ಮೀಟರ್ ಬೋರ್ಡಿನಿಂದ ಹಾಲಿನ ಸಾಕೆಟ್ಟಿಗೆ ಹದಿನೈದು ಮೀಟರ್ ದೂರವಿದೆ ಎಂದಿಟ್ಟುಕೊಂಡರೂ, 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಹೋಗಿ ಬರುವ ದಾರಿಯ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ತಡೆ, ಸುಮಾರು 0.36 ಓಮ್ ಆಗುತ್ತದೆ. ಸೆಟ್ಟಿನ ಜೊತೆ ಬಂದ ಎರಡು ಮೀಟರ್ ಕೇಬಲ್ಲಿನ ರೋಧ ಸುಮಾರು 0.08 ಓಮ್. ಆ ತುಂಡನ್ನು ಎಷ್ಟೇ ಸಾವಿರ ಕೊಟ್ಟು ಬದಲಾಯಿಸಿದರೂ, ಒಂದು ಆಂಪಿಯರ್ ಹರಿಯುವಾಗ ಉಳಿಯುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗವೂ ಅಲ್ಲ. ಮನೆಗೆ ಬರುವ ವೋಲ್ಟೇಜೋ, ಶೇಕಡ 6ರಷ್ಟು ಹೆಚ್ಚುಕಡಿಮೆಯಾಗಲು ನಿಯಮದಲ್ಲೇ ಅವಕಾಶವಿದೆ. ಊರಾಚೆಯ ಕೆರೆಯಿಂದ ಹಳೆಯ ಕಬ್ಬಿಣದ ಕೊಳವೆಯಲ್ಲಿ ಬರುವ ನೀರಿಗೆ ನಲ್ಲಿಯ ತುದಿಯಲ್ಲಿ ಬೆಳ್ಳಿಯ ಮೂತಿ ಕೂರಿಸಿದಂತೆ ಇದು.

ಕಿವಿಗೆ ಕೇಳಿಸುವುದನ್ನು ಲೆಕ್ಕದಿಂದ ಅಲ್ಲಗಳೆಯಬೇಡಿ ಎಂದು ಲೇಖಕರು ಹೇಳಬಹುದು. ಹಾಗಾದರೆ ಕಿವಿಯನ್ನೇ ಕೇಳೋಣ. 2004ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಸಂಗೀತ ವ್ಯವಸ್ಥೆಯ ಹವ್ಯಾಸಿಗಳು, ಯಾವ ಕೇಬಲ್ ಜೋಡಿಸಿದೆ ಎಂದು ಕೇಳುಗರಿಗೆ ತಿಳಿಯದಂತೆ ಮಾಡಿ, ಅತಿ ದುಬಾರಿ ಪವರ್ ಕೇಬಲ್ಲನ್ನೂ ಮಾಮೂಲಿ ಕೇಬಲ್ಲನ್ನೂ ಹೋಲಿಸಿ ನೋಡಿದರು. 149 ಉತ್ತರಗಳಲ್ಲಿ ಸರಿಯಾದದ್ದು 73, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಬರುತ್ತಿದ್ದಷ್ಟೇ. ಒಂದು ಪರೀಕ್ಷೆಯಿಂದ ಎಲ್ಲವೂ ತೀರ್ಮಾನವಾಗದು, ಒಪ್ಪುತ್ತೇನೆ. ಆದರೆ ಇಷ್ಟು ಬೆಲೆಯ ವಸ್ತುವನ್ನು ಮಾರುವವರು ಇದಕ್ಕೆ ವಿರುದ್ಧವಾದ ಇಂಥದೇ ಪರೀಕ್ಷೆಯನ್ನು ಗ್ರಾಹಕರ ಮುಂದಿಡಬೇಕಾದ ಹೊಣೆ ಅವರದೇ ಅಲ್ಲವೇ? ಫ್ಯೂಸ್ ಬದಲಾಯಿಸಿದ ಮೇಲೆ ಕೆಲವೊಮ್ಮೆ ನಿಜವಾಗಿಯೂ ವ್ಯತ್ಯಾಸವಾಗುವುದುಂಟು, ಆದರೆ ಅದು, ಫ್ಯೂಸ್ ಕೂರುವ ಕಿಲುಬು ಹಿಡಿದಿದ್ದ ಹಿಡಿಕೆಯು ಹಳೆಯ ಫ್ಯೂಸ್ ತೆಗೆದು ಹೊಸದನ್ನು ಹಾಕುವಾಗ ಉಜ್ಜಿ ಶುಚಿಯಾದದ್ದರ ಫಲವಿರಬಹುದು. ಇನ್ನು ಈ ಫ್ಯೂಸುಗಳ ಮೇಲೆ ವಿದ್ಯುತ್ತು ಹರಿಯಬೇಕಾದ ದಿಕ್ಕಿಗೆ ಬಾಣದ ಗುರುತು ಹಾಕಿರುತ್ತಾರೆ. ಸೆಕೆಂಡಿಗೆ 50 ಬಾರಿ ಹೋಗಿ ಬರುವ ಪರ್ಯಾಯ ವಿದ್ಯುತ್ತಿಗೆ ಬಾಣ ತೋರಿಸುವವರ ಧೈರ್ಯವನ್ನು ಮೆಚ್ಚಬೇಕು.

ಮನೆಯ ವಿದ್ಯುತ್ತಿನಿಂದ ದನಿ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಡುತ್ತದೆ, ಮತ್ತು ಅದರ ಮೂಲ ಬಹುಪಾಲು ಗೋಡೆಯೊಳಗೇ ಇರುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ ಸ್ಪೀಕರಿನಿಂದ ಸದಾ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಬೆರಳು ದಪ್ಪದ, ನೇಯ್ದ ಹೊದಿಕೆಯ ಕೇಬಲ್ ತಂದು ಹಾಕಿದರೂ ಅದು ನಿಲ್ಲಲಿಲ್ಲ. ಆಂಪ್ಲಿಫೈಯರಿನ ಲೋಹದ ಹೊರಮೈಗೆ ಕೈಯ ಹಿಂಬದಿ ಸೋಕಿಸಿದರೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ಮೇನ್ ಆಫ್ ಮಾಡಿ ಸಾಕೆಟ್ಟನ್ನು ಬಿಚ್ಚಿದಾಗ, ಅರ್ಥಿಂಗಿನ ಹಸಿರು ವೈರನ್ನು ಯಾರೋ ಹಿಂದಕ್ಕೆ ಮಡಚಿ ಇನ್ಸುಲೇಷನ್ ಟೇಪ್ ಸುತ್ತಿ ಡಬ್ಬಿಯೊಳಗೆ ತುರುಕಿದ್ದು ಕಂಡಿತು. ಅದನ್ನು ಜೋಡಿಸಿದ ಮೇಲೆ ಗುಂಯ್ ಸದ್ದೂ ಹೋಯಿತು, ಜುಮ್ಮೆನ್ನುವುದೂ ಹೋಯಿತು. ನಮ್ಮಲ್ಲಿ ಮನೆಯ ಅರ್ಥಿಂಗ್ ಗುಂಡಿಯನ್ನು ಸಾಮಾನ್ಯವಾಗಿ ಮನೆಯವರೇ ನೋಡಿಕೊಳ್ಳಬೇಕಾದ್ದರಿಂದ, ಅದು ಬೇಸಿಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗಿದ್ದರೂ ಕೇಳುವವರಿರುವುದಿಲ್ಲ. ಕರೆಂಟ್ ಹೋದಾಗ ಚೌಕ ಅಲೆಯ ಅಗ್ಗದ ಇನ್ವರ್ಟರಿನಲ್ಲಿ ಸೆಟ್ಟು ನಡೆಸಿದರೆ ಟ್ರಾನ್ಸ್‌ಫಾರ್ಮರ್ ಗೊರಗುಟ್ಟುವುದು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಿಂದ ಸ್ಪೀಕರಿನಲ್ಲಿ ಚರಚರ ಕೇಳಿಸುವುದು, ಇವೂ ನಿಜವಾದ ತೊಂದರೆಗಳೇ. ಇವುಗಳಿಗೆ ಪರಿಹಾರವಿದೆ, ಖರ್ಚೂ ಬಹಳವಿಲ್ಲ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕತ್ತರಿಸುವವರಿದ್ದಾರೆ; ಅಂಥ ಸೆಟ್ಟಿನೊಳಗೆ ಒಂದು ವೈರಿನ ಹೊದಿಕೆ ಹರಿದರೆ ಹೊರಮೈಯಲ್ಲೇ 230 ವೋಲ್ಟ್ ನಿಂತಿರುತ್ತದೆ.

ಫ್ಯೂಸಿನ ವಿಷಯವನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ಗಾಜಿನ ಮಾಮೂಲಿ ಫ್ಯೂಸಿನೊಳಗಿನ ಎಳೆ ಬಿಸಿಯಾಗಿ ಕರಗಲೆಂದೇ ತೆಳುವಾಗಿರುತ್ತದೆ; ಅದರ ಅಲ್ಪ ರೋಧ ದೋಷವಲ್ಲ, ಅದೇ ಅದರ ಕೆಲಸ. ಆಂಪಿಯರ್ ಹೊಂದಿದರೆ ಸಾಕೆಂಬ ಮಾತೂ ಸರಿಯಲ್ಲ. ಬೇಗ ಸುಡುವುದು ಯಾವುದು, ಸೆಟ್ಟು ಹಾಕಿದ ಕ್ಷಣದ ಸೆಳೆತವನ್ನು ತಾಳಿ ನಿಧಾನವಾಗಿ ಸುಡುವುದು ಯಾವುದು ಎಂಬುದು ಬೇರೆ ಬೇರೆ. ಮರಳು ತುಂಬಿದ ಪಿಂಗಾಣಿ ಫ್ಯೂಸ್ 1500 ಆಂಪಿಯರಿನ ದೋಷಪ್ರವಾಹವನ್ನೂ (ಶಾರ್ಟ್ ಆದಾಗ ನುಗ್ಗುವ ವಿದ್ಯುತ್ತನ್ನು) ಕಡಿಯುವಂತೆ ತಯಾರಾಗಿರುತ್ತದೆ. ಗಾಜಿನ ಸಣ್ಣ ಫ್ಯೂಸಿಗೆ ಆ ಶಕ್ತಿ ಸಾಮಾನ್ಯವಾಗಿ 35 ಆಂಪಿಯರಿನಷ್ಟೇ. ಯಾವ ಮಾನಕ ಸಂಸ್ಥೆಯ ಮುದ್ರೆಯೂ ಇಲ್ಲದ, ಒಂದಕ್ಕೆ ಹಲವು ಸಾವಿರ ರೂಪಾಯಿಯ ಫ್ಯೂಸನ್ನು, ‘ದನಿ ಬಿಚ್ಚಿಕೊಳ್ಳಲಿ’ ಎಂದು ಒಂದು ಮೆಟ್ಟಿಲು ಹೆಚ್ಚಿನ ಆಂಪಿಯರಿನದನ್ನೇ ಹಾಕಿಕೊಳ್ಳಿ ಎಂದು ಲೇಖನ ಸೂಚಿಸಿರುವುದು ನನ್ನ ನಿಜವಾದ ಆಕ್ಷೇಪ. ಹಾಗೆ ಮಾಡಿದರೆ, ದೋಷ ಉಂಟಾದಾಗ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಲೇಖನ ಜಾಹೀರಾತಲ್ಲ ನಿಜ, ಆದರೆ ಓದುಗರು ಜಾಹೀರಾತನ್ನು ನಂಬುವುದಕ್ಕಿಂತ ಹೆಚ್ಚಾಗಿ ಪತ್ರಿಕೆಯ ಲೇಖನವನ್ನು ನಂಬುತ್ತಾರೆ. ಆದ್ದರಿಂದ, ಫ್ಯೂಸ್ ಬದಲಾಯಿಸುವಾಗ ಸೆಟ್ಟಿನ ಹಿಂಬದಿಯಲ್ಲಿ ಅಥವಾ ಫ್ಯೂಸಿನ ಹಿಡಿಕೆಯ ಪಕ್ಕದಲ್ಲಿ ಅಚ್ಚಾಗಿರುವ ಆಂಪಿಯರ್, ವೋಲ್ಟ್ ಮತ್ತು ಬಗೆ ಮೂರೂ ಹೊಂದುವುದನ್ನೇ ಹಾಕಬೇಕೆಂಬ ತಿದ್ದುಪಡಿಯನ್ನು ಮುಂದಿನ ಭಾನುವಾರದ ಪುರವಣಿಯಲ್ಲಿ, ಲೇಖನ ಬಂದ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ವಿದ್ಯುತ್ ಗುತ್ತಿಗೆದಾರ, ಶಿವಮೊಗ್ಗ